ಬೇಳೆ ಬೇಯುವ ನೀರು

ಎರಡು ಬಾಟಲಿಗಳ ನೀರು ಒಂದೇ ಥರ ಇತ್ತು. ನನ್ನ ತಲೆ ಕೆಟ್ಟಿದ್ದು ಅಲ್ಲಿಂದಲೇ.

ಚಿಕ್ಕಬಳ್ಳಾಪುರದ ನಮ್ಮ ಪ್ರಯೋಗಾಲಯದಲ್ಲಿ ಅವತ್ತು ಶುಕ್ರವಾರ ಮಧ್ಯಾಹ್ನ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಒಂದು ಹಳ್ಳಿಯ ಮೂರು ಬೋರುಗಳ ಫಲಿತಾಂಶ ನನ್ನ ಮುಂದಿತ್ತು. ಒಂದು, ಊರಾಚೆ ಬಂಡೆಯ ಮಗ್ಗುಲಲ್ಲಿ ಆಳಕ್ಕೆ ಕೊರೆಸಿದ ಬೋರು. ಊರಿಗೆಲ್ಲ ಕುಡಿಯುವ ನೀರು ಅದರದ್ದೇ. ಇನ್ನೊಂದು, ಊರ ನಡುವಿನ ಹಳೆಯ ಉಪ್ಪುನೀರಿನ ಬೋರು. ಮೂರನೆಯದು ಊರಿನ ತಗ್ಗಿನಲ್ಲಿರುವ ಫಿಲೇಚರಿನದು, ಅಂದರೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಾರ್ಖಾನೆಯದು. ಬಂಡೆ ಬೋರಿನಲ್ಲಿ ಫ್ಲೋರೈಡ್ ಮಿತಿ ದಾಟಿತ್ತು. ಫಿಲೇಚರಿನ ನೀರಿನಲ್ಲೂ ದಾಟಿತ್ತು. ಫ್ಲೋರೈಡ್ ಒಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಸೋಡಿಯಂ, ಸುಣ್ಣದ ಅಂಶ, ಕ್ಲೋರೈಡ್ ಎಲ್ಲವೂ ಎರಡರಲ್ಲೂ ಅವಳಿ ಮಕ್ಕಳ ಹಾಗೆ ಹೊಂದುತ್ತಿದ್ದವು.

ಊರಿನವರ ದೂರು ಇಷ್ಟು. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬರುತ್ತಿದೆ, ಫಿಲೇಚರಿನ ಕೊಳಕು ನೀರು ಭೂಮಿಗಿಳಿದು ನಮ್ಮ ಕುಡಿಯುವ ಬೋರಿಗೆ ಸೇರುತ್ತಿದೆ, ಅದನ್ನು ಮುಚ್ಚಿಸಬೇಕು. ಪಂಚಾಯ್ತಿ ಅಧ್ಯಕ್ಷರು ಸಹಿ ಹಾಕಿಸಿ ಕಳಿಸಿದ್ದರು. ನಾಲ್ಕು ತಾಲ್ಲೂಕುಗಳಲ್ಲಿ ನೀರಿನ ಮಾದರಿ ತೆಗೆಯುವ ಕೆಲಸ ನಮಗೆ ಹೇಗೂ ನಡೆದಿತ್ತು, ಈ ಊರನ್ನೂ ಅದರೊಳಗೆ ಸೇರಿಸಿದ್ದರು. ಈಗ ಈ ಅಂಕಿಗಳನ್ನು ಯಾರೇ ನೋಡಿದರೂ ಹೇಳುವುದು ಒಂದೇ ಮಾತು. ಫಿಲೇಚರಿನಲ್ಲೂ ಫ್ಲೋರೈಡ್, ಊರಿನ ಬೋರಿನಲ್ಲೂ ಫ್ಲೋರೈಡ್. ಕಳ್ಳ ಸಿಕ್ಕಿಬಿದ್ದ.

ನನಗೆ ಮಾತ್ರ ಸಮಾಧಾನವಿಲ್ಲ. ಗೂಡು ಬೇಯಿಸಿದ ನೀರು, ಸತ್ತ ಹುಳದ ರಸ, ಎಲ್ಲ ಆ ಫಿಲೇಚರಿನ ಹಿಂದೆ ಮಣ್ಣಿನ ಗುಂಡಿಯಲ್ಲಿ ನಿಂತು ನಾರುತ್ತಿರುವುದನ್ನು ನಾನೇ ಕಣ್ಣಾರೆ ನೋಡಿದ್ದೆ. ಅಂಥ ಕೊಳೆ ನೆಲಕ್ಕಿಳಿದರೆ ಪಕ್ಕದ ಬೋರಿನಲ್ಲಿ ನೈಟ್ರೇಟ್ ಏರಲೇಬೇಕು. ಈ ಬಾಟಲಿಯಲ್ಲಿ ಅದು ಹೆಸರಿಗೆ ಮಾತ್ರ ಇತ್ತು. ತಗ್ಗಿನಲ್ಲಿ, ಕೊಳಚೆಯ ಮಗ್ಗುಲಲ್ಲಿ ಇರುವ ಬೋರು ಊರಾಚೆಯ ಬಂಡೆ ಬೋರಿನಷ್ಟು ಚೊಕ್ಕಟವಾಗಿರುವುದು ಹೇಗೆ? ಮತ್ತೊಮ್ಮೆ ಪರೀಕ್ಷೆ ಮಾಡಿದೆ. ಅದೇ ಅಂಕಿ. ಎದ್ದೆ, ಕೂತೆ, ಟೀ ಕುಡಿದೆ, ಮತ್ತೆ ಎದ್ದೆ. ನಮ್ಮಮ್ಮ ನನ್ನನ್ನು ಕಾಲಿಗೆ ಚಕ್ರ ಕಟ್ಟಿಕೊಂಡವಳು ಅಂತ ಬೈಯುತ್ತಿದ್ದುದು ಸುಮ್ಮನೆ ಅಲ್ಲ.

ಮಾದರಿ ತೆಗೆದ ದಿನವನ್ನು ಮನಸ್ಸಿನಲ್ಲೇ ತಿರುವಿ ಹಾಕಿದೆ. ಮಾದರಿ ತೆಗೆಯುವುದೆಂದರೆ ನಲ್ಲಿ ತಿರುಗಿಸಿ ಬಾಟಲಿ ತುಂಬುವುದಲ್ಲ. ಪೈಪಿನಲ್ಲಿ ನಿಂತ ನೀರು ಹೋಗಬೇಕು, ಬಂಡೆಯ ಬಿರುಕಿನಿಂದ ಹೊಸ ನೀರು ಬರಬೇಕು. ಮೋಟರು ಹಾಕಿ, ಬಕೆಟ್ಟಿನಲ್ಲಿ ಮೀಟರು ಇಳಿಬಿಟ್ಟು, ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ಹೇಳುವ ಮುಳ್ಳು ಏರಿ ಇಳಿದು ಒಂದು ಕಡೆ ನಿಲ್ಲುವ ತನಕ ಕಾಯಬೇಕು. ಆಮೇಲೆ ಅದೇ ನೀರಿನಲ್ಲಿ ಬಾಟಲಿಯನ್ನು ಚೆನ್ನಾಗಿ ಗಲಬರಿಸಿ, ಗಾಳಿಯ ಗುಳ್ಳೆ ಉಳಿಯದ ಹಾಗೆ ಕಂಠಪೂರ್ತಿ ತುಂಬಿ, ಮುಚ್ಚಿ, ಐಸ್ ಪೆಟ್ಟಿಗೆಯಲ್ಲಿಡಬೇಕು. ಫಿಲೇಚರಿನಲ್ಲೂ ಇದನ್ನೆಲ್ಲ ಮಾಡಿದ್ದೆ.

ಫಿಲೇಚರನ್ನು ನಡೆಸುವವರು ಅರವತ್ತರ ಹತ್ತಿರದ ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೆ ಬಾಯ್ಲರು, ಗೂಡಿನ ಮಾರ್ಕೆಟ್ಟು, ನೂಲಿನ ವ್ಯಾಪಾರ ಎಲ್ಲ ಅವರ ತಲೆಯ ಮೇಲೆಯೇ. ಊರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಅನ್ನುತ್ತದೆ. ಬಿಸಿನೀರಿನ ತೊಟ್ಟಿಗಳ ಮುಂದೆ ಸಾಲಾಗಿ ಕೂತು ನೂಲೆಳೆಯುವ ಹೆಂಗಸರೆಲ್ಲ ಅದೇ ಊರಿನವರು, ಎಲ್ಲ ಜಾತಿಯವರು. ಮೂಲೆಯಲ್ಲಿ ಸೀರೆಯ ಜೋಲಿಯಲ್ಲಿ ಆಪಾನ ಮಗಳ ಎಳೆಗೂಸು ಮಲಗಿತ್ತು. ಬೋರು ಹಿತ್ತಿಲಿನಲ್ಲಿ ಸೌದೆ ರಾಶಿಯ ಹಿಂದಿದೆ, ಪೈಪು ಇಲ್ಲಿಗೇ ಬರುತ್ತದೆ ಎಂದು ಆಪಾ ಗೋಡೆಯಿಂದ ಹೊರಬಂದ ಪೈಪನ್ನು ತೋರಿಸಿದ್ದರು. ಮೋಟರು ಗುಂಯ್ ಅಂತು, ನೀರು ಧಾರಾಳವಾಗಿ ಬಂತು. ಮೀಟರಿನ ಮುಳ್ಳು ಒಂದು ಕಡೆ ಕೂತದ್ದು ಅಲುಗಾಡಲೇ ಇಲ್ಲ.

"ಪರ್ವಾಗಿಲ್ಲ ಮೇಡಂ, ಇಲ್ಲಿ ಬಿರ್ರನೆ ಮುಗೀತಲ್ಲ," ಅಂದಿದ್ದ ನಮ್ಮ ಜೀಪಿನ ಡ್ರೈವರ್. ಚಿಂತಾಮಣಿಯವನು, ಮನೆಮಾತು ತೆಲುಗು. ನನಗೂ ಖುಷಿಯಾಗಿತ್ತು.

ಶುಕ್ರವಾರ ಸಂಜೆ ಇದನ್ನು ನಮ್ಮ ಮುಖ್ಯಸ್ಥರ ಮುಂದೆ ಹೇಳಲು ಹೋದರೆ ಅವರು ಆಗಲೇ ಅಧ್ಯಕ್ಷರಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿಬಿಟ್ಟಿದ್ದರು.

"ಸೋಮವಾರ ಗ್ರಾಮಸಭೆ ಇಟ್ಕೊಂಡಿದಾರಂತೆ. ಫಿಲೇಚರ್ ಲೈಸೆನ್ಸ್ ರದ್ದು ಮಾಡೋ ತೀರ್ಮಾನ ತಗೋತಾರೆ. ವರದಿ ತಗೊಂಡು ನೀವೇ ಹೋಗಿಬನ್ನಿ."

"ಸಾರ್, ಆ ಅಂಕಿ ನನಗ್ಯಾಕೋ ಸರಿ ಕಾಣ್ತಿಲ್ಲ."

"ಮಷೀನ್ ಸರಿ ಇದೆಯಲ್ಲ?"

"ಮಷೀನ್ ಸರಿ ಇದೆ. ನೀರೇ ಸರಿ ಇಲ್ಲ."

"ನೀರು ಸರಿ ಇಲ್ಲ ಅಂತ್ಲೇ ಅಲ್ವೇನಮ್ಮ ಊರಿನೋರು ದೂರು ಕೊಟ್ಟಿರೋದು? ಬಂದ ಅಂಕಿ ಬರೆದುಕೊಡಿ. ನಾವೇನು ನ್ಯಾಯ ಹೇಳೋರಲ್ಲ," ಅಂದರು. ಕೆಟ್ಟ ಮನುಷ್ಯರಲ್ಲ ಅವರು, ಮೇಜಿನ ಮೇಲೆ ಏನೂ ಬಾಕಿ ಉಳಿಯಬಾರದು ಅಷ್ಟೇ. ನನಗೆ ಮೈಯೆಲ್ಲ ಉರಿಯಿತು.

ಶನಿವಾರ ಗೌರಿಬಿದನೂರು ಕಡೆಯ ಕೆಲಸ ಮೊದಲೇ ನಿಗದಿಯಾಗಿತ್ತು. ಡ್ರೈವರ್ ಪಾಪ, ದಾರಿಯಲ್ಲಿ ಒಂದೆರಡು ಸಲ ಹಾಡು ಹಾಕಿ, ನನ್ನ ಮುಖ ನೋಡಿ ತಾನೇ ನಿಲ್ಲಿಸಿದ. ತೊಂಡೇಬಾವಿ ಸ್ಟೇಷನ್ ದಾಟಿ ಸ್ವಲ್ಪ ದೂರದಲ್ಲಿ, ಸುತ್ತ ಮುಸುಕಿನ ಜೋಳದ ಹೊಲ, ನಡುವೆ ಕರಿಬಂಡೆಯ ದಿಬ್ಬ, ದಿಬ್ಬದ ಕೆಳಗೆ ಒಂದು ಬೋರು. ಹೊಲದ ಯಜಮಾನಿ ಸ್ಟಾರ್ಟರ್ ಗುಂಡಿ ಒತ್ತಿದರು. ಟಕ್ ಅಂತು. ಆಮೇಲೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಪೈಪು ಎರಡು ಸಲ ಕೆಮ್ಮಿ, ನೀರು ಬಂತು.

ಮೀಟರು ಇಳಿಬಿಟ್ಟೆ. ಮುಳ್ಳು ಏರಿತು, ಇಳಿಯಿತು, ಮತ್ತೆ ಏರಿತು. ಯಜಮಾನಿ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲೇ ನಿಂತಿದ್ದರು.

"ಅದೇನ್ ನೋಡ್ತೀಯ ಬಿಡಮ್ಮ. ಬೇಳೆ ಬೇಯೋ ನೀರು ಇದು. ಎರಡು ವಿಜಲ್‌ಗೆ ತೊಗರಿಬೇಳೆ ಬೆಣ್ಣೆ ಆಗೋಗ್ತದೆ. ಸುತ್ತಮುತ್ತ ಊರೋರೆಲ್ಲ ಕೊಡ ತಗೊಂಡ್ ಇಲ್ಲಿಗೇ ಬರ್ತಾರೆ ಕಣಮ್ಮ."

ನಾನು ಫ್ಲೋರೈಡ್ ನೋಡುವ ಕಿಟ್ ತೆಗೆದು, ಗಾಜಿನ ಕೊಳವೆಗೆ ಅವರ ನೀರು ಹಾಕಿ, ಕೆಂಪು ದ್ರಾವಣದ ಹನಿ ಬಿಟ್ಟೆ. ಫ್ಲೋರೈಡ್ ಇಲ್ಲದ ನೀರಾದರೆ ಕೆಂಪು ಹಾಗೇ ನಿಲ್ಲುತ್ತದೆ, ಇದ್ದರೆ ಹಳದಿಗೆ ತಿರುಗುತ್ತದೆ. ನೋಡನೋಡುತ್ತ ಹಳದಿಯಾಯಿತು. ಅಲ್ಲಿ ಫಿಲೇಚರ್ ಇಲ್ಲ, ಹಿಪ್ಪುನೇರಳೆ ತೋಟ ಕೂಡ ಕಣ್ಣಿಗೆ ಬೀಳುತ್ತಿರಲಿಲ್ಲ. ಇದ್ದದ್ದು ಬಂಡೆ ಒಂದೇ.

ನಿಜವಾಗಿ ನಾನು ಬೆಚ್ಚಿದ್ದು ಅದಕ್ಕಲ್ಲ. ಆ ಟಕ್ ಅನ್ನುವ ಸದ್ದಿನ ನಂತರದ ನಿಶ್ಶಬ್ದಕ್ಕೆ. ಬೋರಿನ ಮೋಟರು ಪಾತಾಳದಲ್ಲಿ ನೀರೊಳಗೆ ಮುಳುಗಿರುತ್ತದೆ, ಅದರ ಸದ್ದು ಮೇಲಕ್ಕೆ ಕೇಳಿಸುವುದಿಲ್ಲ. ಹಾಗಾದರೆ ಫಿಲೇಚರಿನ ಗೋಡೆಯಾಚೆ ಅವತ್ತು ಗುಂಯ್ ಅಂದದ್ದು ಯಾವ ಮೋಟರು? ನೆಲದ ಮೇಲಿನದು. ಸಂಪಿನಿಂದ ಎತ್ತುವಂಥದ್ದು. ಮೀಟರು ಅಲುಗಾಡದೆ ನಿಂತದ್ದೂ ಅದಕ್ಕೇ, ಸಂಪಿನಲ್ಲಿ ಕಲೆತು ನಿಂತ ನೀರಿಗೆ ಏರಿಳಿತ ಎಲ್ಲಿಂದ ಬರಬೇಕು?

ಅಲ್ಲಿಂದಲೇ ಮುಖ್ಯಸ್ಥರಿಗೆ ಫೋನು ಮಾಡಿದೆ. "ಸಾರ್, ಫಿಲೇಚರ್ ಮಾದರಿ ಬೋರಿಂದಲ್ಲ. ಆ ಅಂಕಿಗೆ ನಾನು ಸಹಿ ಹಾಕಲ್ಲ. ಮತ್ತೆ ತೆಗೀಬೇಕು."

"ಭಾನುವಾರ ಜೀಪ್ ಕೊಡೋಕಾಗಲ್ಲ. ಸೋಮವಾರ ಸಭೆ. ಸಹಿ ಇಲ್ಲದೆ ವರದಿ ಹೋಗಲ್ಲ. ಏನ್ ಮಾಡ್ತೀರೋ ನೋಡಿ," ಅಂತ ಇಟ್ಟುಬಿಟ್ಟರು. ಒಂದು ವೇಳೆ ನನ್ನ ಊಹೆ ಸುಳ್ಳಾಗಿ ಎರಡನೇ ಮಾದರಿಯೂ ಅದೇ ಅಂಕಿ ಕೊಟ್ಟರೆ, ಅಧ್ಯಕ್ಷರ ಮುಂದೆಯೂ ಮುಖ್ಯಸ್ಥರ ಮುಂದೆಯೂ ನನ್ನ ಮಾನ ಹರಾಜು.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋದೆ. ಅಲ್ಲಿಂದ ಆಟೋ. ಹೆಗಲಿಗೆ ಕಿಟ್ಟು, ಮಡಿಲಲ್ಲಿ ಐಸ್ ಪೆಟ್ಟಿಗೆ. ಹೇಳದೆ ಕೇಳದೆ ಫಿಲೇಚರಿನ ಮುಂದೆ ಇಳಿದರೆ, ಗೋಡೆಯ ಪಕ್ಕದಲ್ಲೇ ಟ್ರ್ಯಾಕ್ಟರ್ ಟ್ಯಾಂಕರ್ ನಿಂತು ಸಂಪಿಗೆ ನೀರು ಬಿಡುತ್ತಿತ್ತು.

"ಎಲ್ಲಿ ನೀರಪ್ಪ ಇದು?" ಅಂದೆ.

"ಬಂಡೆ ಬೋರ್‌ದಕ್ಕ," ಅಂದ ಟ್ರ್ಯಾಕ್ಟರಿನವನು, ಇದೂ ಒಂದು ಕೇಳುವ ಮಾತಾ ಅನ್ನುವ ಹಾಗೆ.

ಆಪಾ ಹೊರಗೆ ಬಂದರು. ನನ್ನನ್ನು ನೋಡಿ ಮುಖ ಬಿಳಿಚಿಕೊಂಡಿತು. ನನಗೆ ತಡೆಯಲಾಗಲಿಲ್ಲ.

"ಆಪಾ, ನಾನು ಅವತ್ತು ಕೇಳಿದ್ದು ನಿಮ್ಮ ಬೋರಿನ ನೀರು. ನೀವು ಕೊಟ್ಟಿದ್ದು ಸಂಪಿನ ನೀರು. ಯಾಕ್ ಹಿಂಗ್ ಮಾಡಿದ್ರಿ?"

"ಅರೆ, ಕೋಪ ಮಾಡ್ಕೋಬೇಡಿ ಮೇಡಂ, ಒಳಗ್ ಬನ್ನಿ."

"ಒಳಗ್ ಬರಲ್ಲ. ಮೊದ್ಲು ಹೇಳಿ."

"ನಮ್ ಬೋರ್ ನೀರು ಗಡಸು ಮೇಡಂ. ಅದರಲ್ಲಿ ಗೂಡು ಬೇಯ್ಸಿದ್ರೆ ನೂಲು ತುಂಡು ತುಂಡು ಬರುತ್ತೆ, ಹೊಳಪೂ ಇರಲ್ಲ. ಅದಕ್ಕೇ ಬಂಡೆ ಬೋರ್ ನೀರು ತರ್ಸೋದು. ಅದು ಮೆತ್ತಗಿನ ನೀರು. ಗೂಡಿಗೂ ಅದೇ, ಬೇಳೆಗೂ ಅದೇ, ಕುಡಿಯೋಕೂ ಅದೇ." ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. "ನೀವು ಪರೀಕ್ಷೆಗೆ ಬರ್ತೀರ ಅಂತ ಗೊತ್ತಾಯ್ತು. ನಮ್ ಬೋರ್‌ದು ವಾಸ್ನೆ ಬರುತ್ತೆ. ಅದನ್ನ ನಿಮ್ ಕೈಗೆ ಹೆಂಗ್ ಕೊಡ್ಲಿ? ಸಂಪು ತೊಳ್ಸಿ, ಊರಲ್ಲೇ ಒಳ್ಳೆ ನೀರು ಯಾವ್ದೋ ಅದನ್ನೇ ತುಂಬ್ಸಿ ಇಟ್ಟೆ. ಒಳ್ಳೆ ನೀರು ನೋಡಿದ್ರೆ ಒಳ್ಳೇದೇ ಬರೀತಾರೆ ಅಂತ."

ನಾನು ಅಲ್ಲೇ ಸೌದೆಯ ಮೇಲೆ ಕೂತುಬಿಟ್ಟೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಡೀ ಊರಿನಲ್ಲಿ ಯಾವ ನೀರಿನಲ್ಲಿ ಫ್ಲೋರೈಡ್ ತುಂಬಿದೆಯೋ, ಅದನ್ನೇ ಹುಡುಕಿ, ದುಡ್ಡು ಕೊಟ್ಟು ತರಿಸಿ, ತೊಳೆದ ಸಂಪಿನಲ್ಲಿ ತುಂಬಿಸಿ, ಇದು ನಮ್ಮದು ಅಂತ ನನ್ನ ಬಾಟಲಿಗೆ ಹಿಡಿದುಕೊಟ್ಟಿದ್ದರು ಪುಣ್ಯಾತ್ಗಿತ್ತಿ.

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಲ್ಲ ಆಪಾ," ಅಂದೆ. "ಆ ನೀರೇ ಹಲ್ಲು ಕೆಡಿಸ್ತಿರೋದು."

ಅವರಿಗೆ ಅರ್ಥವಾಗಲಿಲ್ಲ. ಆಗ ಬಿಡಿಸಿ ಹೇಳಲು ನನಗೆ ತಾಳ್ಮೆಯೂ ಇರಲಿಲ್ಲ. ಸೌದೆ ರಾಶಿಯ ಹಿಂದೆ ಹೋಗಿ ಅವರ ಬೋರಿನ ಸ್ಟಾರ್ಟರ್ ನಾನೇ ಒತ್ತಿದೆ. ಟಕ್. ಮೌನ. ಪೈಪು ಕೆಮ್ಮಿತು, ಮಾಸಲು ನೀರು ಬಂತು, ಕೆಟ್ಟ ವಾಸನೆ. ಮೀಟರಿನ ಮುಳ್ಳು ಏರುತ್ತಲೇ ಹೋಯಿತು. ಅದು ಒಂದು ಕಡೆ ನಿಲ್ಲುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಕಿಟ್ ತೆಗೆದೆ. ಫ್ಲೋರೈಡಿನ ಕೊಳವೆ ಕೆಂಪಗೆ ನಿಂತಿತು, ಮಿತಿಯೊಳಗೆ. ನೈಟ್ರೇಟ್ ನೋಡುವ ಪಟ್ಟಿಯನ್ನು ಅದ್ದಿದೆ. ಅದು ನಾನು ಆ ಊರಿನಲ್ಲಿ ಎಲ್ಲೂ ಕಾಣದಷ್ಟು ಗಾಢ ಬಣ್ಣಕ್ಕೆ ತಿರುಗಿತು.

"ಹಲ್ಲಿನ ದೋಷ ನಿಮ್ಮದಲ್ಲ," ಅಂದೆ. ಆಪಾ ಎರಡೂ ಕೈ ಎತ್ತಿ ಏನೋ ಹೇಳಿಕೊಂಡರು, ಕಣ್ಣಲ್ಲಿ ನೀರು. "ಆದ್ರೆ ಇದು ನಿಮ್ಮದು." ಪಟ್ಟಿ ತೋರಿಸಿದೆ. "ಹಿಂದಿನ ಗುಂಡಿಯ ಕೊಳೆ ನೆಲಕ್ಕಿಳಿದಿದೆ."

"ಅದೊಂದು ಬರೀಬೇಡಿ ಮೇಡಂ. ನಿಮ್ ಕಾಲಿಗೆ ಬೀಳ್ತೀನಿ. ಅವರು ಅದನ್ನೇ ಹಿಡ್ಕೊಂಡು ಬಾಗ್ಲು ಹಾಕಿಸ್ತಾರೆ. ಒಳಗಿರೋ ಹೆಣ್ಮಕ್ಕಳ ಒಲೆ ಉರಿಯೋದು ಇದರಲ್ಲೇ."

"ಹಲ್ಲಿನದು ಬರೆದ್ರೆ ಇದೂ ಬರೀಬೇಕು. ಒಂದನ್ನ ಬರೆದು ಒಂದನ್ನ ಬಿಟ್ರೆ ನನ್ನ ಮಾತಿಗೆ ಬೆಲೆ ಇರಲ್ಲ ಆಪಾ. ನಿಮಗಾಗಿ ಹೇಳೋ ಮಾತಿಗೂ ಇರಲ್ಲ."

ಅವರು ನನ್ನ ಕಡೆ ನೋಡದೆ ಒಳಗೆ ಹೋದರು. ಆಟೋದಲ್ಲಿ ವಾಪಸು ಬರುವಾಗ ನನ್ನ ಮೇಲೇ ನನಗೆ ಸಿಟ್ಟು ಬಂತು, ಅವರ ಮೇಲೂ ಬಂತು, ಆ ಬಂಡೆಯ ಮೇಲೂ ಬಂತು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದ ಹಾಗೇ ಪ್ರಯೋಗಾಲಯಕ್ಕೆ ನುಗ್ಗಿ ಹೊಸ ಮಾದರಿಯನ್ನು ಪರೀಕ್ಷಿಸಿದೆ. ಕಿಟ್ ಹೇಳಿದ್ದನ್ನೇ ಮಷೀನೂ ಹೇಳಿತು. ಮುಖ್ಯಸ್ಥರು ಅಂಕಿಗಳನ್ನು ಎರಡು ಸಲ ನೋಡಿ, ಹಳೆಯ ಹಾಳೆಯನ್ನು ತಾವೇ ಹರಿದು, "ಹೋಗ್ಬನ್ನಿ, ಜೋಪಾನ," ಅಂದರು. ಅಷ್ಟು ಅಂದದ್ದೇ ದೊಡ್ಡದು.

ಸಭೆ ಶಾಲೆಯ ಮುಂದಿನ ಹೊಂಗೆ ಮರದ ಕೆಳಗೆ. ಜನ ಕಿಕ್ಕಿರಿದಿದ್ದರು. ಆಪಾ ನೂಲೆಳೆಯುವ ಹೆಂಗಸರ ಜೊತೆ ಕೊನೆಯಲ್ಲಿ ನಿಂತಿದ್ದರು. ಅಧ್ಯಕ್ಷರು ಐವತ್ತು ದಾಟಿದ ಹಿಪ್ಪುನೇರಳೆ ಬೆಳೆಗಾರರು, ಊರಿಗೆ ಏನಾದರೂ ಮಾಡಬೇಕೆನ್ನುವ ಹಂಬಲ ಇರುವವರು. ಎದ್ದು ನಿಂತು ನೇರವಾಗಿಯೇ ಹೇಳಿದರು.

"ನಂಗ್ಯಾರ ಮೇಲೂ ದ್ವೇಷ ಇಲ್ಲ. ಆದ್ರೆ ಈ ಫಿಲೇಚರ್ ಬಂದ್ಮೇಲೇನೇ ನಮ್ ಮಕ್ಕಳ ಹಲ್ಲು ಹಿಂಗಾಗಿರೋದು. ಅದಕ್ಕೂ ಮುಂಚೆ ಹುಟ್ಟಿದೋರ ಬಾಯಿ ನೋಡ್ರಿ, ಮುತ್ತು ಪೋಣಿಸ್ದಂಗೈತೆ. ಸುಳ್ಳಾ?"

ಸುಳ್ಳಲ್ಲ. ನಾನು ಎದ್ದೆ.

"ನಿಜ ಅಧ್ಯಕ್ಷರೇ. ಅದೇ ವರ್ಷ ಊರಿಗೆ ಇನ್ನೇನು ಬಂತು?"

ಅಧ್ಯಕ್ಷರೇ ಹೇಳಿದರು, ದನಿ ಸ್ವಲ್ಪ ಇಳಿದಿತ್ತು. "ಸೇದೋ ಬಾವಿ ಬತ್ತೋಗಿತ್ತು. ನಾನೇ ಓಡಾಡಿ ಬಂಡೆ ಬೋರ್ ಹಾಕಿಸ್ದೆ."

ಮೇಜಿನ ಮೇಲೆ ಮೂರು ಗಾಜಿನ ಕೊಳವೆ ಇಟ್ಟೆ. ಬಂಡೆ ಬೋರು, ಊರ ನಡುವಿನ ಬೋರು, ಫಿಲೇಚರಿನ ಬೋರು. ಡ್ರೈವರ್ ಒಂದೊಂದನ್ನೇ ಎತ್ತಿ ತೋರಿಸಿದ. ಕೆಂಪು ಹನಿ ಬಿಟ್ಟೆ. ಎರಡು ಕೊಳವೆ ಕೆಂಪಗೇ ಉಳಿದವು. ಬಂಡೆ ಬೋರಿನದು ಹಳದಿಯಾಯಿತು.

"ಬಂಡೆಯೊಳಗೆ ಕಪ್ಪು ಅಭ್ರಕದ ಚೂರುಗಳಿವೆ," ಅಂದೆ. "ಕಲ್ಲು ಒಡೆಯುವಾಗ ಮಿಣಮಿಣ ಅನ್ನುತ್ತಲ್ಲ, ಅದೇ. ಆಳದಲ್ಲಿ ನೀರು ವರ್ಷಗಟ್ಟಲೆ ಅದರ ಜೊತೆ ಕೂತರೆ ಅದು ಫ್ಲೋರೈಡ್ ಬಿಡುತ್ತೆ. ನೀರಲ್ಲಿ ಸುಣ್ಣ ಇದ್ದಿದ್ರೆ ಅದನ್ನ ಹಿಡಿದು ತಳಕ್ಕೆ ಕೂರಿಸ್ತಿತ್ತು. ಈ ನೀರಲ್ಲಿ ಸುಣ್ಣ ಕಮ್ಮಿ. ಸುಣ್ಣ ಕಮ್ಮಿ ಇರೋದ್ರಿಂದ್ಲೇ ಬೇಳೆ ಬೆಣ್ಣೆ ಥರ ಬೇಯೋದು, ಅದ್ರಿಂದ್ಲೇ ಗೂಡಿನ ನೂಲು ಚೆನ್ನಾಗಿ ಬರೋದು, ಅದ್ರಿಂದ್ಲೇ ಫ್ಲೋರೈಡ್ ನೀರಲ್ಲೇ ಉಳಿಯೋದು. ಬೋರು ಹಾಕಿಸಿದೋರ ತಪ್ಪಲ್ಲ. ಯಾರ ತಪ್ಪೂ ಅಲ್ಲ. ಅದು ಕಲ್ಲಿನ ಗುಣ."

ಗದ್ದಲವೆದ್ದಿತು. ಹೆಂಗಸರೇ ಹೆಚ್ಚು ರೇಗಿದರು. "ಹಂಗಂದ್ರೆ ಬೇಳೆ ಯಾವ್ದರಲ್ಲಿ ಬೇಯ್ಸಣ ಹೇಳಮ್ಮ? ಆ ಉಪ್ಪುನೀರಲ್ಲಾ? ಗ್ಯಾಸು ಯಾರಪ್ಪನ ಮನೇದು?" ಅಂತ ಒಬ್ಬಾಕೆ ಮುಖಕ್ಕೇ ಕೇಳಿದಳು.

ನಾನು ನೈಟ್ರೇಟ್ ಪಟ್ಟಿಗಳನ್ನು ತೆಗೆದೆ. ಊರ ನಡುವಿನ ಬೋರಿನದು ಬಣ್ಣಕ್ಕೆ ತಿರುಗಿತು, ಫಿಲೇಚರಿನದು ಅದಕ್ಕಿಂತ ಗಾಢ. "ಇದು ಕಲ್ಲಿನದಲ್ಲ. ಇದು ನಮ್ಮದು. ಮನೆ ಮನೆ ಪಕ್ಕದ ಕಕ್ಕಸ್ಸಿನ ಗುಂಡಿ, ತಿಪ್ಪೆ, ತೋಟಕ್ಕೆ ಸುರಿಯೋ ಯೂರಿಯಾ. ತಗ್ಗಿನಲ್ಲಿ ಫಿಲೇಚರಿನ ಕೊಳೆ ಗುಂಡಿ." ಕೊನೆಯ ಮಾತು ಹೇಳುವಾಗ ಆಪಾನ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಅಧ್ಯಕ್ಷರು ಆ ಹಳದಿ ಕೊಳವೆಯನ್ನು ಕೈಗೆತ್ತಿಕೊಂಡು ನೋಡಿ, ಮತ್ತೆ ಮೇಜಿನ ಮೇಲಿಟ್ಟರು. ಕೊನೆಗೆ, "ಫಿಲೇಚರ್ ಮುಚ್ಚೋ ಮಾತು ಇವತ್ತಿಗೆ ಬೇಡ," ಅಂದರು. "ಆಪಾ, ಆ ಗುಂಡಿಗೆ ಸಿಮೆಂಟ್ ಹಾಕ್ಸಿ, ಕೊಳೆ ನೀರು ನೆಲಕ್ಕೆ ಬಿಡ್ಬೇಡಿ. ಗಡುವು ಕೊಡ್ತೀವಿ. ಮಾಡ್ದಿದ್ರೆ ಆಮೇಲೆ ನನ್ನ ಕೇಳ್ಬೇಡಿ." ನೂಲೆಳೆಯುವ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಅಬ್ಬ ಅಂತ ನಾನೂ ಉಸಿರು ಬಿಟ್ಟೆ. ಕೆಲಸ ಮುಗಿಯಿತು ಅಂದುಕೊಂಡೆ.

ಕಿಟ್ ಕಟ್ಟುತ್ತಿದ್ದಾಗ ಆಪಾ ಬಂದರು. ಒಂದು ಕೈಯಲ್ಲಿ ಆ ಎಳೆಗೂಸು, ಇನ್ನೊಂದು ಕೈ ಹಿಡಿದು ದೊಡ್ಡ ಮೊಮ್ಮಗಳು. ಆ ಹುಡುಗಿ ನನ್ನನ್ನು ನೋಡಿ ನಕ್ಕವಳು ತಕ್ಷಣ ದುಪಟ್ಟಾದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲೇ ನಾನು ನೋಡಿದ್ದೆ. ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ.

"ಊರೋರು ಕ್ಯೂ ನಿಂತು ಬಿಂದಿಗೆ ಲೆಕ್ಕದಲ್ಲಿ ಹಿಡೀತಾರೆ ಮೇಡಂ. ನಮ್ಮನೇಗೆ ಟ್ಯಾಂಕರ್ರೇ ಬರುತ್ತಲ್ಲ. ಇವಳು ಹುಟ್ಟಿದಾಗಿಂದ ಬೇರೆ ನೀರು ನಾಲಿಗೆಗೆ ಸೋಕ್ಸಿಲ್ಲ ನಾನು. ಒಳ್ಳೇದೇ ಕೊಡ್ಬೇಕು ಅಂತ." ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ಆಯ್ತು, ಇವಳ್ದು ಆಗೋಯ್ತು. ಈ ಚಿಕ್ಕದಕ್ಕೆ ಇನ್ನೂ ಹಲ್ಲೇ ಬಂದಿಲ್ಲ. ತಾಯಿ ಹಾಲು ಸಾಲ್ದು, ಪುಡಿ ಹಾಲಿಗೆ ನೀರು ಬೇಕು. ಯಾವ್ ನೀರು ಹಾಕ್ಲಿ? ಅದೊಂದು ಹೇಳ್ಬಿಟ್ಟು ಹೋಗಿ."

ಮೂರು ಬಾಟಲಿಯೂ ನನ್ನ ಮುಂದೆಯೇ ಇದ್ದವು. ಬಂಡೆ ಬೋರು ಹಲ್ಲು ಕೆಡಿಸುತ್ತದೆ. ಉಳಿದೆರಡರ ನೈಟ್ರೇಟನ್ನು ದೊಡ್ಡವರು ತಡೆದುಕೊಂಡಾರು, ಎಳೆಗೂಸಿನ ರಕ್ತವನ್ನು ಅದು ಪ್ರಾಣವಾಯು ಹೊರಲಾರದ ಹಾಗೆ ಮಾಡಿಬಿಡುತ್ತದೆ. ಮೂರನ್ನೂ ಪಕ್ಕಕ್ಕೆ ಸರಿಸಿದೆ.

"ಚೆನ್ನಾಗಿ ಕುದ್ಸಿ ಕೊಡ್ತೀನಿ," ಅಂದರು ಆಪಾ.

"ಬೇಡ ಆಪಾ. ಕುದಿಸಿದ್ರೆ ನೀರು ಆವಿಯಾಗುತ್ತೆ, ಇವು ಹೋಗಲ್ಲ. ಇನ್ನೂ ಗಟ್ಟಿಯಾಗ್ತವೆ."

"ಮತ್ತೆ?"

ಶಾಲೆಯ ಪಕ್ಕದಲ್ಲೇ ಶುದ್ಧ ನೀರಿನ ಘಟಕದ ನೀಲಿ ಪೆಟ್ಟಿಗೆ ಇತ್ತು. ಬಾಗಿಲಿಗೆ ತುಕ್ಕು ಹಿಡಿದ ಬೀಗ. ಅಧ್ಯಕ್ಷರ ಕಡೆ ತಿರುಗಿದೆ.

"ಒಳಗಿನ ಫಿಲ್ಟರ್ ಹೋಗೈತಮ್ಮ. ಅರ್ಜಿ ಹಾಕಿದೀವಿ," ಅಂದರು.

"ಮಗುಗೆ ಅರ್ಜಿ ಕುಡಿಸೋಕಾಗುತ್ತೇನ್ರಿ?" ನನ್ನ ಗಂಟಲು ನನಗೇ ಕರ್ಕಶವಾಗಿ ಕೇಳಿಸಿತು. ಅಧ್ಯಕ್ಷರ ಮುಖ ಕೆಂಪಗಾಯಿತು.

ಡ್ರೈವರ್ ಜೀಪಿನ ಹಿಂದಿನಿಂದ ನಾವು ಕುಡಿಯಲು ತಂದಿದ್ದ ನೀರಿನ ಕ್ಯಾನನ್ನು ಇಳಿಸಿ ಆಪಾನ ಕಾಲ ಬಳಿ ಇಟ್ಟ. "ತಗೋಳಮ್ಮ. ಪಾಪಾಯಿಗೆ ಇದು ಮಾತ್ರ. ಖಾಲಿ ಆಗೋ ಹೊತ್ತಿಗೆ ಇನ್ನೊಂದು ತರ್ತೀನಿ." ನಾನು ಅವನಿಗೆ ಹೇಳಿರಲಿಲ್ಲ. ಚಿಂತಾಮಣಿ ಕಡೆ ಜೀಪು ಹೋದಾಗಲೆಲ್ಲ ಆಮೇಲೆ ಅವನು ಒಂದು ಕ್ಯಾನು ಇಳಿಸಿ ಬಂದ. ಜೀಪು ಆ ಕಡೆ ಹೋಗದ ವಾರಗಳಲ್ಲಿ ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಬೇರೆ ಊರಿನ ಬಾಟಲಿ ಹಿಡಿದು ನಿಂತಾಗಲೂ ಈಗ ಯಾವ ನೀರು ಹಾಕುತ್ತಿದ್ದಾರೋ ಅನ್ನುವುದೇ ತಲೆಯಲ್ಲಿ ಸುತ್ತುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಎರಡನೇ ಸುತ್ತಿನ ಮಾದರಿಗೆ ಮತ್ತೆ ಆ ಊರಿಗೆ ಹೋದೆ. ಫಿಲೇಚರಿನ ಹಿಂದೆ ಸಿಮೆಂಟಿನ ತೊಟ್ಟಿ ಎದ್ದಿತ್ತು. ನೀಲಿ ಪೆಟ್ಟಿಗೆಯ ಬೀಗ ಹಾಗೇ ಇತ್ತು. ಅಧ್ಯಕ್ಷರ ಮನೆಯ ಮುಂದೆ ಶಿಡ್ಲಘಟ್ಟದಿಂದ ಬಂದ ಕ್ಯಾನುಗಳು ಸಾಲಾಗಿದ್ದವು. ಬಂಡೆ ಬೋರಿನ ಬಳಿ ಬಿಂದಿಗೆಗಳ ಸಾಲು ಮೊದಲಿಗಿಂತ ಚಿಕ್ಕದಾಗಿತ್ತು, ಆದರೆ ಸಾಲು ಇತ್ತು.

ನಾನು ಜೀಪಿನಿಂದ ಇಳಿಯುವ ಮೊದಲೇ ಆಪಾ ಮಗುವನ್ನು ಎತ್ತಿಕೊಂಡು ಓಡಿಬಂದರು. ಹೆಬ್ಬೆರಳಿನಿಂದ ಅದರ ಕೆಳದುಟಿ ಸರಿಸಿ ತೋರಿಸಿದರು.

"ನೋಡಿ ಮೇಡಂ, ನೋಡಿ! ಎಷ್ಟು ಬೆಳ್ಳಗಿದೆ! ನಿಮ್ ನೀರು ಕೊಟ್ಟಿದ್ದು ಸಾರ್ಥಕ ಆಯ್ತು."

ಅಕ್ಕಿಕಾಳಿನಷ್ಟು ಹಾಲುಹಲ್ಲು. ಹಾಲುಹಲ್ಲು ಬಹುಪಾಲು ತಾಯಿಯ ಹೊಟ್ಟೆಯಲ್ಲೇ ಕಟ್ಟಿಕೊಂಡಿರುತ್ತದೆ. ಅದು ಬೆಳ್ಳಗಿದ್ದರೆ ನಮ್ಮ ಕ್ಯಾನಿನಿಂದ ಅಂತ ಹೇಳುವ ಹಾಗಿಲ್ಲ. ಬಾಳಿಕೆ ಬರುವ ಹಲ್ಲು ಈಗ, ಈ ಹೊತ್ತಿನಲ್ಲಿ, ಅದರ ಒಸಡಿನೊಳಗೆ ಯಾರ ಕಣ್ಣಿಗೂ ಕಾಣದೆ ಕಟ್ಟಿಕೊಳ್ಳುತ್ತಿದೆ. ದಿನದಿನದ ನೀರೂ ಅದರೊಳಗೆ ಸೇರುತ್ತದೆ. ಅದು ಹೊರಗೆ ಬಂದು ಬಣ್ಣ ತೋರಿಸಲು ಇನ್ನೂ ಎಷ್ಟೋ ವರ್ಷ.

"ಹೌದಾಪಾ, ಬೆಳ್ಳಗಿದೆ," ಅಂದೆ. ಮಗು ನನ್ನ ಬೆರಳನ್ನು ಹಿಡಿದು ಬಾಯಿಗೆ ಹಾಕಿಕೊಂಡು ಕಚ್ಚಿತು.

"ಇವತ್ತು ಬೆಳಿಗ್ಗೆ ಯಾವ ನೀರು ಹಾಕಿದ್ರಿ?" ಅಂತ ಕೇಳಿದೆ.

ಆಪಾ ಜೀಪಿನ ಹಿಂಬದಿಗೆ ಕಣ್ಣು ಹಾಯಿಸಿದರು. "ಕ್ಯಾನು ಖಾಲಿಯಾಗಿ ಮೂರು ದಿನ ಆಯ್ತು ಮೇಡಂ," ಅಂದರು.